ತೆಳು ಕೂದಲಿಗೆ ತುಂಬು ತುರುಬು



ಬೆಂಗಳೂರಿನ ದೊಡ್ಡನೆಕ್ಕುಂದಿಯ ತಾಯಿಯೊಬ್ಬರು ಈ ಪುಟಕ್ಕೆ ಪತ್ರ ಬರೆದಿದ್ದಾರೆ. ಮಗಳು ಹೊರವರ್ತುಲ ರಸ್ತೆಯ ಕಂಪೆನಿಯೊಂದರಲ್ಲಿ ಉದ್ಯೋಗಿ. ಮಳೆಗಾಲದಲ್ಲಿ ಡೆಂಗಿ ಜ್ವರ ಬಂದು ಹೋದ ಮೇಲೆ, ಸೊಂಟ ಮುಟ್ಟುತ್ತಿದ್ದ ಅವಳ ಜಡೆ ಇಲಿಬಾಲದಂತಾಗಿದೆ. ಉದ್ದ ಹಾಗೆಯೇ ಇದೆ, ದಪ್ಪ ಹೋಗಿದೆ. ಇನ್ನೆರಡು ತಿಂಗಳಲ್ಲಿ ನಿಕಾಹ್. ಪಾರ್ಲರಿನವರು ಬೇರೆ ಕೂದಲು ಜೋಡಿಸಿ ದೊಡ್ಡ ತುರುಬು ಕಟ್ಟಿ ಕೊಡುತ್ತೇವೆ ಎಂದಿದ್ದಾರಂತೆ. ತಾಯಿಗೆ ಅದು ಒಪ್ಪಿಗೆಯಿಲ್ಲ, ಮಗಳಿಗೆ ಕನ್ನಡಿ ನೋಡಿದರೆ ಅಳು. "ಇರುವ ಕೂದಲಲ್ಲೇ ಏನಾದರೂ ಮಾಡಲು ಸಾಧ್ಯವೇ?" ಎಂಬುದು ಅವರ ಪ್ರಶ್ನೆ.

ಖಂಡಿತ ಸಾಧ್ಯ. ಆದರೆ ಮೊದಲು ಪಾರ್ಲರಿನವರ ಸಲಹೆಯ ಬಗ್ಗೆ ಎರಡು ಮಾತು. ಈ ತಾಯಿಯ ಪ್ರಶ್ನೆ ಹೊಸದೇನೂ ಅಲ್ಲ. ಅಸ್ಮಾ ಬಿಂತ್ ಅಬೂಬಕರ್(ರ) ವರದಿ ಮಾಡಿದ, ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿರುವ ಹದೀಸ್ ಒಂದರಲ್ಲಿ ಇದೇ ಸನ್ನಿವೇಶವಿದೆ. ಕಾಯಿಲೆಯಿಂದ ಕೂದಲು ಉದುರಿದ ಮದುಮಗಳ ತಾಯಿಯೊಬ್ಬಳು ಬಂದು, ಬೇರೆ ಕೂದಲು ಸೇರಿಸಬಹುದೇ ಎಂದು ಪ್ರವಾದಿವರ್ಯರಲ್ಲಿ(ಸ) ಕೇಳುತ್ತಾಳೆ. ಅವರು ಅದನ್ನು ಕಟ್ಟುನಿಟ್ಟಾಗಿ ನಿಷೇಧಿಸುತ್ತಾರೆ. ಕೂದಲಲ್ಲದ ವಸ್ತುಗಳ ವಿಷಯದಲ್ಲಿ ಮಾತ್ರ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ನೂಲಿನ ಕುಚ್ಚುಗಳಿಗೆ ಅಡ್ಡಿಯಿಲ್ಲ ಎಂಬ ಸಯೀದ್ ಬಿನ್ ಜುಬೈರ್‌ರ ಅಭಿಪ್ರಾಯ ಅಬೂದಾವೂದ್ ಗ್ರಂಥದಲ್ಲಿದೆ. ಏನನ್ನೂ ಸೇರಿಸಬಾರದು ಎನ್ನುವವರೂ ಇದ್ದಾರೆ. ನೀವು ಅನುಸರಿಸುವ ವಿದ್ವಾಂಸರಲ್ಲಿ ಕೇಳಿಕೊಳ್ಳಿರಿ.

ಮಾರಾಟಕ್ಕೆ ಬರುವ ಈ ಕೂದಲಾದರೂ ಎಲ್ಲಿಯದು? ನಮ್ಮ ಕೊಪ್ಪಳದ ಪಕ್ಕದ ಭಾಗ್ಯನಗರ ಕೂದಲ ಉದ್ಯಮಕ್ಕೇ ಹೆಸರಾದ ಊರು. ನಾವು ಬಾಚಿ ಎಸೆಯುವ ಕೂದಲುಂಡೆಗಳನ್ನು ಪಾತ್ರೆ, ಪಿನ್ನು, ಬಲೂನು ಕೊಟ್ಟು ಕೊಳ್ಳುವವರು ಬರುತ್ತಾರಲ್ಲ, ಅಂಥ ಕೂದಲು ಇಂತಹ ಕಡೆ ಸೇರುತ್ತದೆ. ಹೆಣ್ಣುಮಕ್ಕಳು ದಿನಗಟ್ಟಲೆ ಕುಳಿತು ಅದರ ಸಿಕ್ಕು ಬಿಡಿಸಿ, ಉದ್ದದ ಪ್ರಕಾರ ವಿಂಗಡಿಸುತ್ತಾರೆ. ಬಳಿಕ ಅದು ಹೊರದೇಶಗಳಿಗೂ ಹೋಗುತ್ತದೆ. ಯಾರದೋ ಬಾಚಣಿಗೆಯ ಕಸಕ್ಕೆ ಸಾವಿರಾರು ರೂಪಾಯಿ ತೆರುವ ಮೊದಲು ಇಷ್ಟಾದರೂ ತಿಳಿದಿರಲಿ. ಅಂಟು ಹಾಕಿ, ಬಿಗಿದು ಜೋಡಿಸುವ ಕೂದಲಿನ ಭಾರವನ್ನು ಹೊರಬೇಕಾದವು ನಿಮ್ಮ ತೆಳುವಾದ ಎಳೆಗಳೇ. ಜ್ವರದಲ್ಲಿ ಬಳಲಿದ ತಲೆಗೆ ಅದು ಇನ್ನೊಂದು ಹೊರೆ.

ಇನ್ನು ತುರುಬಿನ ವಿಷಯಕ್ಕೆ ಬರೋಣ. ತೆಳು ಕೂದಲಿನವರು ಸಾಮಾನ್ಯವಾಗಿ ಮಾಡುವುದೇನೆಂದರೆ ಚೆನ್ನಾಗಿ ಎಣ್ಣೆ ಹಚ್ಚಿ, ನುಣ್ಣಗೆ ಬಾಚಿ, ಹಗ್ಗದಂತೆ ಹುರಿಗೊಳಿಸಿ, ಬಿಗಿಯಾಗಿ ಗಂಟು ಹಾಕುವುದು. ಹುರಿಗೊಳಿಸಿದಷ್ಟೂ ಕೂದಲು ಒತ್ತಿಕೊಂಡು ನಿಂಬೆಹಣ್ಣಿನಷ್ಟಾಗುತ್ತದೆ. ಬಿಗಿ ಕಟ್ಟಿದಷ್ಟೂ ಹಣೆಯಂಚಿನ ಮತ್ತು ಕಿವಿಯ ಮೇಲಿನ ಕೂದಲ ಬುಡ ಜಗ್ಗುತ್ತದೆ. ವರ್ಷಗಟ್ಟಲೆ ಹೀಗೆ ಜಗ್ಗಿದರೆ ಅಲ್ಲಿ ಕೂದಲು ಹುಟ್ಟುವುದೇ ನಿಲ್ಲಬಹುದು. ನೀವು ಮಾಡಬೇಕಾದದ್ದು ಇದಕ್ಕೆ ತೀರಾ ವಿರುದ್ಧ. ತುರುಬನ್ನು ಬಿಗಿಯಬೇಡಿರಿ, ಹರಡಿರಿ.

ತುರುಬು ಕಟ್ಟುವ ದಿನ ತಲೆಗೆ ಎಣ್ಣೆ ಬೇಡ. ಎಣ್ಣೆ ಎಳೆಗಳನ್ನು ಒಂದಕ್ಕೊಂದು ಅಂಟಿಸಿ, ಇರುವ ಕೂದಲನ್ನೂ ಅರ್ಧಕ್ಕಿಳಿಸಿ ತೋರಿಸುತ್ತದೆ. ಹಚ್ಚಲೇಬೇಕೆಂದಿದ್ದರೆ ಸ್ನಾನಕ್ಕೆ ಮೊದಲು ಹಚ್ಚಿ ತೊಳೆದುಬಿಡಿರಿ. ತಲೆಸ್ನಾನವೂ ಹಿಂದಿನ ದಿನವೇ ಆಗಲಿ. ಆಗತಾನೇ ತೊಳೆದ ನವಿರು ಕೂದಲು ಪಿನ್ನಿನಿಂದ ಜಾರುತ್ತದೆ. ಮರುದಿನದ ಕೂದಲಿಗೆ ಹಿಡಿತ ಹೆಚ್ಚು. ರಾತ್ರಿ ಕೂದಲು ಬಹುಪಾಲು ಒಣಗಿ ತುಸು ತೇವವಿರುವಾಗ ನಾಲ್ಕು ಸಡಿಲ ಜಡೆ ಹೆಣೆದು ಮಲಗಿರಿ. ಬೆಳಿಗ್ಗೆ ಬಿಚ್ಚಿದರೆ ಕೂದಲು ಅಲೆಅಲೆಯಾಗಿ ಉಬ್ಬಿಕೊಂಡಿರುತ್ತದೆ. ಬಾಚಣಿಗೆ ಮುಟ್ಟಿಸದೆ ಬೆರಳಲ್ಲೇ ಬಿಡಿಸಿಕೊಳ್ಳಿರಿ. ಕೂದಲನ್ನು ಬುಡದ ಕಡೆಗೆ ಹಿಮ್ಮುಖವಾಗಿ ಬಾಚಿ ಉಬ್ಬಿಸುವ ಪಾರ್ಲರಿನ ಉಪಾಯವನ್ನು ನಾನು ತೆಳು ಕೂದಲಿನವರಿಗೆ ಹೇಳುವುದಿಲ್ಲ. ಆ ಸಿಕ್ಕು ಬಿಡಿಸುವಾಗ ತುಂಡಾಗುವ ಕೂದಲಿಗೆ ಲೆಕ್ಕವಿಲ್ಲ.

ಈಗ ಕೂದಲನ್ನು ಕತ್ತಿನ ಹಿಂದೆ ಸಡಿಲವಾಗಿ ಸೇರಿಸಿ, ಬಟ್ಟೆಯ ಮೆತ್ತನೆಯ ಬ್ಯಾಂಡ್ ಹಾಕಿರಿ. ಜಡೆ ಹೆಣೆದು ತುದಿಗೆ ಸಣ್ಣ ಬ್ಯಾಂಡ್ ಹಾಕಿರಿ. ಸಾಮಾನ್ಯ ಜಡೆ ಸಾಕು, ಆದರೆ ನಾಲ್ಕು ಕಾಲಿನ ಜಡೆ ಬರುವವರಿಗೆ ಅದು ಇನ್ನೂ ಅಗಲವಾಗಿ ಕೂರುತ್ತದೆ. ಮುಖ್ಯ ಕೆಲಸ ಇನ್ನು ಮುಂದಿನದು. ಒಂದು ಕೈಯಲ್ಲಿ ತುದಿಯನ್ನು ಹಿಡಿದುಕೊಂಡು, ಕೆಳಗಿನಿಂದ ಮೇಲಕ್ಕೆ ಬರುತ್ತಾ ಜಡೆಯ ಎರಡೂ ಅಂಚಿನ ಮಡಿಕೆಗಳನ್ನು ಒಂದೊಂದಾಗಿ ಮೆಲ್ಲನೆ ಹೊರಕ್ಕೆ ಎಳೆಯಿರಿ. ಕಿರುಬೆರಳಿನಷ್ಟಿದ್ದ ಜಡೆ ಎರಡು ಬೆರಳಿನಷ್ಟು ಅಗಲವಾಗುತ್ತದೆ. ಅದನ್ನು ಚಕ್ಕುಲಿ ಸುತ್ತಿದಂತೆ ಚಪ್ಪಟೆಯಾಗಿ, ಸುತ್ತಿನ ಪಕ್ಕಕ್ಕೆ ಸುತ್ತು ಬರುವಂತೆ ಸುತ್ತುತ್ತಾ ಹೋಗಿರಿ, ಒಂದರ ಮೇಲೊಂದು ಪೇರಿಸಬೇಡಿರಿ. ನಡುವೆ ದಪ್ಪ ಭಾಗ ಬರುತ್ತದೆ, ತೆಳುವಾದ ತುದಿ ಹೊರ ಅಂಚಿನಲ್ಲಿ ಉಳಿಯುತ್ತದೆ. ಆ ತುದಿಯನ್ನು ತುರುಬಿನಡಿಗೆ ತೂರಿಸಿಬಿಡಿರಿ. ಇಲಿಬಾಲ ಯಾರ ಕಣ್ಣಿಗೂ ಬೀಳುವುದಿಲ್ಲ. ಉದ್ದ ಕೂದಲಿನ ಲಾಭ ಇರುವುದು ಇಲ್ಲೇ. ದಪ್ಪ ಇಲ್ಲದಿದ್ದರೂ ಸುತ್ತಲು ಬೇಕಾದಷ್ಟಿದೆ.

ರಬ್ಬರ್ ಬ್ಯಾಂಡಿನಿಂದ ತುರುಬನ್ನು ಬಿಗಿಯುವ ಬದಲು ಇಂಗ್ಲಿಷಿನ ಯು ಅಕ್ಷರದಂತಿರುವ ಪಿನ್ನುಗಳನ್ನು ಬಳಸಿರಿ. ತುರುಬಿನ ಅಂಚಿನ ಸ್ವಲ್ಪ ಕೂದಲು, ಜೊತೆಗೆ ತಲೆಗೆ ಅಂಟಿಕೊಂಡ ಸ್ವಲ್ಪ ಕೂದಲು ಹಿಡಿದು, ಪಿನ್ನನ್ನು ಮಗುಚಿ ತುರುಬಿನ ನಡುವಿಗೆ ನೂಕಿರಿ. ಹೀಗೆ ಹಾಕಿದರೆ ನಾಲ್ಕೈದು ಪಿನ್ನುಗಳೇ ಸಾಕು. ತಲೆ ಚುಚ್ಚಿದರೆ ಅಥವಾ ಹಣೆ ಜಗ್ಗಿದಂತಾದರೆ ಬಿಚ್ಚಿ ಮತ್ತೆ ಹಾಕಿರಿ. ಬೈತಲೆಯನ್ನು ನೇರಗೆರೆಯಾಗಿ ತೆಗೆಯದೆ ಬಾಚಣಿಗೆಯ ತುದಿಯಿಂದ ಅಂಕುಡೊಂಕಾಗಿ ತೆಗೆದರೆ ನೆತ್ತಿಯ ಬಿಳುಪು ಕಾಣದು.

ಮದುಮಗಳಿಗೆ ಇನ್ನೂ ದೊಡ್ಡ ತುರುಬೇ ಬೇಕೆಂದಿದ್ದರೆ ಒಳಗೊಂದು ಮೆತ್ತೆಯನ್ನಿಡಬಹುದು. ಅಂಗಡಿಯಲ್ಲಿ ಸ್ಪಂಜಿನ ಬಳೆ ಸಿಗುತ್ತದೆ. ಮನೆಯಲ್ಲೇ ಮಾಡುವುದಾದರೆ ಶುಭ್ರವಾದ ಕಪ್ಪು ಕಾಲುಚೀಲದ ಬೆರಳಿನ ಭಾಗ ಕತ್ತರಿಸಿ, ಉಳಿದದ್ದನ್ನು ಅಂಚಿನಿಂದ ಸುರುಳಿ ಸುತ್ತಿದರೆ ಅದೇ ಬಳೆಯಾಗುತ್ತದೆ. ಕೂದಲನ್ನು ಅದರೊಳಗಿಂದ ಎಳೆದು, ಸುತ್ತಲೂ ಹರಡಿ ಬಳೆಯನ್ನು ಮುಚ್ಚಿರಿ. ಉಳಿದ ಉದ್ದವನ್ನು ಜಡೆ ಹೆಣೆದು ಬುಡಕ್ಕೆ ಸುತ್ತಿರಿ. ಬಳೆ ಸಣ್ಣದಿರಲಿ. ದೊಡ್ಡದಿಟ್ಟರೆ ತೆಳು ಕೂದಲ ಸಂದಿಯಿಂದ ಸ್ಪಂಜು ಇಣುಕಿ ಗುಟ್ಟು ರಟ್ಟಾಗುತ್ತದೆ. ತುರುಬಿನ ಸುತ್ತ ಒಂದು ಮೊಳ ಮಲ್ಲಿಗೆ ಸುತ್ತಿದರೆ ಅಗಲ ತಾನಾಗಿಯೇ ಹೆಚ್ಚುತ್ತದೆ. ಒದ್ದೆ ಹೂವಿನ ದಪ್ಪ ಮಾಲೆ ಮಾತ್ರ ಬೇಡ, ಅದು ಭಾರ. ಜರಿಯ ಭಾರದ ದುಪಟ್ಟಾವನ್ನು ಕೂದಲಿಗೇ ಪಿನ್ ಮಾಡುವುದೂ ಸರಿಯಲ್ಲ. ಅದನ್ನು ಬಳೆಗೆ ಮತ್ತು ಭುಜದ ಬಳಿ ಬಟ್ಟೆಗೆ ಪಿನ್ ಮಾಡಿರಿ. ಜುಮರ್ ಹಗುರವಾದದ್ದನ್ನೇ ಆರಿಸಿರಿ.

ಕೆಲಸಕ್ಕೆ ಹೋಗುವಾಗಿನ ತುರುಬು ಬೇರೆ. ಕರ್ನಾಟಕದಲ್ಲಿ 2016ರಿಂದ ದ್ವಿಚಕ್ರದ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ. ತುರುಬಿನ ಮೇಲೆ ಹೆಲ್ಮೆಟ್ ಸರಿಯಾಗಿ ಕೂರುವುದಿಲ್ಲ, ಕೂರದ ಹೆಲ್ಮೆಟ್ ಬಿದ್ದಾಗ ಕಾಯುವುದಿಲ್ಲ. ರಸ್ತೆಯಲ್ಲಿ ಸಡಿಲ ಜಡೆ ಹಾಕಿ ಉಡುಪಿನೊಳಗೆ ಸೇರಿಸಿಕೊಂಡು, ಕಚೇರಿ ತಲುಪಿದ ಮೇಲೆ ಸುತ್ತಿಕೊಳ್ಳಿರಿ. ಎರಡು ನಿಮಿಷದ ಕೆಲಸ. ಸ್ಕಾರ್ಫ್‌ನೊಳಗೆ ತುರುಬು ಕತ್ತಿನ ಬಳಿ ಚಪ್ಪಟೆಯಾಗಿರಲಿ. ನೆತ್ತಿಯ ಮೇಲೆ ಒಂಟೆಯ ಡುಬ್ಬದಂತೆ ಎದ್ದು ಕಾಣುವ ತಲೆಗಳ ಬಗ್ಗೆ ಹದೀಸ್‌ನಲ್ಲಿ ಎಚ್ಚರಿಕೆಯಿದೆಯಲ್ಲವೇ? ತೆಳು ಕೂದಲಿನ ಮೇಲೆ ಸ್ಕಾರ್ಫ್ ಜಾರುತ್ತದೆಂದು ಹಣೆಗೆ ಬಿಗಿದು ಪಿನ್ ಮಾಡುವ ಬದಲು ಹತ್ತಿಯ ಒಳಟೋಪಿ ಧರಿಸಿರಿ. ಒದ್ದೆ ಕೂದಲನ್ನು ಕಟ್ಟಿ ಮೇಲೆ ಸ್ಕಾರ್ಫ್ ಹಾಕಬೇಡಿರಿ. ಒದ್ದೆಯಾದಾಗ ಕೂದಲು ಬೇಗ ತುಂಡಾಗುತ್ತದೆ.

ದೊಡ್ಡನೆಕ್ಕುಂದಿಯ ಕಡೆ ಬೋರ್‌ವೆಲ್, ಟ್ಯಾಂಕರ್ ನೀರಿನ ಮನೆಗಳು ಬಹಳ. 2024ರ ಬೇಸಿಗೆಯಲ್ಲಿ ಮಹದೇವಪುರ ಭಾಗ ನೀರಿಗೆ ಪಟ್ಟ ಪಾಡು ನಿಮಗೆ ಗೊತ್ತು. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣಗಳು ಸೋಪಿನೊಡನೆ ಸೇರಿ ಕೂದಲ ಮೇಲೆ ಕೆನೆಯಂತೆ ಕೂರುತ್ತವೆ. ಕೂದಲು ಒರಟಾಗಿ, ಮಂಕಾಗಿ ಕಾಣುತ್ತದೆ. ಅಲ್ಲಿ ತಲೆಗೆ ಸೋಪು ಬಿಟ್ಟು ಶಾಂಪೂ ಬಳಸಿರಿ. ಸಾಧ್ಯವಾದರೆ ಕೊನೆಯ ಒಂದು ಚೊಂಬಾದರೂ ಕಾವೇರಿ ನೀರೋ ಮಳೆ ನೀರೋ ಆಗಲಿ. ಆರ್‌ಒ ಯಂತ್ರ ಹೊರಬಿಡುವ ನೀರನ್ನು ತಲೆಗೆ ಹಾಕುವವರಿದ್ದಾರೆ. ಅದರಲ್ಲಿ ಲವಣ ಇನ್ನೂ ಹೆಚ್ಚು, ನೆಲ ಒರೆಸಲು ಬಳಸಿರಿ.

ಕೊನೆಗೆ ಈ ಮಗಳ ಕೂದಲಿನ ಬಗ್ಗೆ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಎಲ್ಲರಿಗೂ ಸಹಜ. ಜೋರು ಜ್ವರ ಅಥವಾ ಹೆರಿಗೆಯಾದ ಎರಡು-ಮೂರು ತಿಂಗಳ ಬಳಿಕ ಹಿಡಿಹಿಡಿಯಾಗಿ ಉದುರುತ್ತದೆ, ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನಾಗಿ ನಿಲ್ಲುತ್ತದೆ. ಹೊಸ ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವುದರಿಂದ ನಿಕಾಹ್‌ನ ದಿನಕ್ಕೆ ಹಳೆಯ ಜಡೆ ಮರಳದು, ಆದರೆ ಮುಂದೆ ಮರಳುವ ನಿರೀಕ್ಷೆಯಿಡಬಹುದು. ಹಣೆಯಂಚಿನಲ್ಲಿ ಗರಿಕೆಯಂತೆ ನಿಂತ ಗಿಡ್ಡ ಕೂದಲು ಕಂಡರೆ ಬೇಸರಿಸಬೇಡಿರಿ, ಅದು ಹೊಸ ಬೆಳೆ. ಅಂಗೈ ಒದ್ದೆ ಮಾಡಿ ಮೆಲ್ಲನೆ ಸವರಿದರೆ ಕೂರುತ್ತದೆ.

ಉದುರುವುದು ಆರು ತಿಂಗಳಾದರೂ ನಿಲ್ಲದಿದ್ದರೆ, ಬೈತಲೆ ಅಗಲವಾಗುತ್ತಾ ಹೋದರೆ ಅಥವಾ ನಾಣ್ಯದಷ್ಟು ಜಾಗ ಬೋಳಾದರೆ ಎಣ್ಣೆ ಬದಲಿಸುತ್ತಾ ಕೂರದೆ ವೈದ್ಯರಲ್ಲಿಗೆ ಹೋಗಿರಿ. ಹಿಮೋಗ್ಲೋಬಿನ್, ದೇಹದ ಕಬ್ಬಿಣದ ಸಂಗ್ರಹ ತಿಳಿಸುವ ಫೆರಿಟಿನ್ ಮತ್ತು ಥೈರಾಯ್ಡ್ ಪರೀಕ್ಷೆಯ ಬಗ್ಗೆ ಕೇಳಿರಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆಯಿದೆ. ಹೊಟ್ಟೆಗೆ ಹಿಟ್ಟಿಲ್ಲದೆ ಜುಟ್ಟಿಗೆ ಮಲ್ಲಿಗೆ ಎಂಬ ಗಾದೆ ನಮ್ಮ ಮದುಮಕ್ಕಳ ಮಟ್ಟಿಗೆ ಅಕ್ಷರಶಃ ನಿಜವಾಗುವುದುಂಟು. ಮದುವೆ ಸಡಗರದಲ್ಲಿ ಬೆಳಗ್ಗಿನ ತಿಂಡಿಯನ್ನೇ ಬಿಡುತ್ತಾರೆ. ಪಾರ್ಲರಿಗೆ ಮುಂಗಡ ಕೊಡುವ ಮೊದಲು ಈ ಮಗಳ ರಕ್ತ ಪರೀಕ್ಷೆ ಆಗಿಬಿಡಲಿ. ತುರುಬನ್ನೂ ನಿಕಾಹ್‌ನ ದಿನವೇ ಮೊದಲ ಬಾರಿಗೆ ಕಟ್ಟದೆ, ಹತ್ತು ದಿನ ಮುಂಚಿತವಾಗಿ ಮನೆಯಲ್ಲೊಮ್ಮೆ ಕಟ್ಟಿ, ದುಪಟ್ಟಾ ಹಾಕಿ, ಒಂದೆರಡು ಗಂಟೆ ಓಡಾಡಿ ನೋಡಲಿ.