ಬಿಡಾಡಿ ದನಕ್ಕೆ ಒಡೆಯನಿಲ್ಲ, ಸತ್ತ ಸವಾರನಿಗೆ ಪರಿಹಾರವಿಲ್ಲ

ಮಳೆಗಾಲದ ರಾತ್ರಿಗಳಲ್ಲಿ ಕರಾವಳಿ ಮತ್ತು ಮಲೆನಾಡಿನ ಹೆದ್ದಾರಿಗಳಲ್ಲಿ ಸಂಚರಿಸಿದವರಿಗೆ ಈ ದೃಶ್ಯ ಹೊಸದಲ್ಲ. ಹೊಲಗದ್ದೆಗಳು ತೋಯ್ದು ಕೆಸರಾದಾಗ, ಸೊಳ್ಳೆ-ನೊಣಗಳ ಕಾಟ ಹೆಚ್ಚಿದಾಗ ದನಗಳು ಒಣನೆಲವನ್ನರಸಿ ಡಾಂಬರು ರಸ್ತೆಯ ಮೇಲೆಯೇ ಬಂದು ಮಲಗುತ್ತವೆ. ಎದುರು ವಾಹನದ ದೀಪದ ಪ್ರಖರತೆಯಲ್ಲಿ ಅವು ಸವಾರನ ಕಣ್ಣಿಗೆ ಬೀಳುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಮರುದಿನ ಜಿಲ್ಲಾ ಪುಟದಲ್ಲಿ ಎರಡು ಸಾಲಿನ ಸುದ್ದಿ: ದನಕ್ಕೆ ಬೈಕ್ ಡಿಕ್ಕಿ, ಸವಾರ ಸಾವು.

ಆ ಎರಡು ಸಾಲುಗಳ ನಂತರ ಸವಾರನ ಕುಟುಂಬದ ಗತಿ ಏನು? ಲಾರಿ ಗುದ್ದಿ ಸತ್ತವರ ವಾರಸುದಾರರಿಗೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಿದೆ. ಗುದ್ದಿದ ವಾಹನ ಪರಾರಿಯಾಗಿದ್ದರೂ 2022ರ ಏಪ್ರಿಲ್‌ನಿಂದ 2 ಲಕ್ಷ ರೂಪಾಯಿ ಪರಿಹಾರದ ವ್ಯವಸ್ಥೆಯಿದೆ. ಕಾಡಾನೆಯ ದಾಳಿಗೆ ಬಲಿಯಾದರೆ ಅರಣ್ಯ ಇಲಾಖೆ ಪರಿಹಾರ ನೀಡುತ್ತದೆ. ಆದರೆ ನಾಡಿನ ದನಕ್ಕೆ ಡಿಕ್ಕಿಯಾಗಿ ಸತ್ತವನ ಮನೆಯವರು ಯಾವ ಬಾಗಿಲು ತಟ್ಟಬೇಕೆಂಬುದಕ್ಕೆ ಸ್ಪಷ್ಟ ಉತ್ತರವಿಲ್ಲ.

ಕಾಗದದ ಮೇಲೆ ಒಡೆಯನೇ ಹೊಣೆ

ಕಾನೂನಿಗೇನೂ ಕೊರತೆಯಿಲ್ಲ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನ ಪ್ರಕಾರ, ತನ್ನ ಸ್ವಾಧೀನದಲ್ಲಿರುವ ಪ್ರಾಣಿಯಿಂದ ಮನುಷ್ಯರ ಜೀವಕ್ಕೆ ಅಪಾಯವಾಗದಂತೆ ಎಚ್ಚರ ವಹಿಸದವನಿಗೆ 6 ತಿಂಗಳವರೆಗೆ ಸೆರೆವಾಸ, 5,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಹಳೆಯ ದಂಡ ಸಂಹಿತೆಯ 289ನೇ ಕಲಮಿನಲ್ಲಿ ಈ ದಂಡ 1,000 ರೂಪಾಯಿ ಇತ್ತು. ರಸ್ತೆಯಲ್ಲಿ ಅಲೆಯುವ ದನಗಳನ್ನು ಹಿಡಿದು ದೊಡ್ಡಿಗೆ ಸಾಗಿಸುವ ಅಧಿಕಾರವನ್ನು ರಾಜ್ಯದ 1966ರ ಜಾನುವಾರು ಅತಿಕ್ರಮ ಪ್ರವೇಶ ಕಾಯ್ದೆ ನೀಡುತ್ತದೆ.

ತೊಡಕಿರುವುದು ಒಡೆಯನನ್ನು ಗುರುತಿಸುವಲ್ಲಿ. ಹಾಲು ಕರೆಯುವಾಗ ಹಸುವಿಗೆ ಒಡೆಯನಿರುತ್ತಾನೆ, ಅಪಘಾತವಾದಾಗ ಇರುವುದಿಲ್ಲ. ಸತ್ತ ದನವನ್ನು ತನ್ನದೆಂದು ಹೇಳಿಕೊಂಡು ಮೊಕದ್ದಮೆ ಎದುರಿಸಲು ಯಾರೂ ಮುಂದೆ ಬರುವುದಿಲ್ಲ. ಒಡೆಯ ಪತ್ತೆಯಾದರೂ ಆತ ಒಂದೆರಡು ದನಗಳ ಬಡ ಸಾಕಣೆಗಾರನಾಗಿದ್ದರೆ, ಸಿವಿಲ್ ನ್ಯಾಯಾಲಯದಲ್ಲಿ ವರ್ಷಗಟ್ಟಲೆ ಹೋರಾಡಿ ಪಡೆದ ಡಿಕ್ರಿಯಿಂದ ವಸೂಲಾಗುವುದಾದರೂ ಎಷ್ಟು?

ವಿಮೆಯ ವಿಪರ್ಯಾಸ

ಮೋಟಾರು ವಾಹನ ಕಾಯ್ದೆಯ ಪರಿಹಾರ ವ್ಯವಸ್ಥೆ ನಿಂತಿರುವುದು ವಾಹನ ಮತ್ತು ಅದರ ವಿಮೆಯ ಮೇಲೆ. ದನಕ್ಕೆ ವಾಹನ ವಿಮೆಯಿಲ್ಲ. ಆದ್ದರಿಂದ ಸವಾರನ ವಾರಸುದಾರರು ನ್ಯಾಯಮಂಡಳಿಗೆ ಹೋದರೂ ಎದುರು ಪಕ್ಷವಾಗಿ ನಿಲ್ಲಿಸಲು ಇನ್ನೊಂದು ವಾಹನವೇ ಇರುವುದಿಲ್ಲ.

ಇದಕ್ಕೆ ಹತ್ತಿರವಾದ ಪ್ರಕರಣವೊಂದು ಉತ್ತರ ಕರ್ನಾಟಕದಿಂದಲೇ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತ್ತು. 2000ದ ನವೆಂಬರ್‌ನಲ್ಲಿ ಇಳಕಲ್‌ನಿಂದ ಬೇರೊಬ್ಬರ ಬೈಕ್ ಪಡೆದು ಹೊರಟಿದ್ದ ವ್ಯಕ್ತಿಯೊಬ್ಬರು, ಮುಂದೆ ಸಾಗುತ್ತಿದ್ದ ಎತ್ತಿನ ಬಂಡಿ ಹಠಾತ್ತನೆ ನಿಂತಾಗ ಅದಕ್ಕೆ ಡಿಕ್ಕಿಯಾಗಿ ಮೃತಪಟ್ಟರು. ಬೈಕ್ ಎರವಲು ಪಡೆದವನು ಮಾಲೀಕನ ಸ್ಥಾನದಲ್ಲಿಯೇ ನಿಲ್ಲುವುದರಿಂದ, ಆಗ ಜಾರಿಯಲ್ಲಿದ್ದ 163-ಎ ಕಲಮಿನಡಿ ವಾರಸುದಾರರಿಗೆ ಪರಿಹಾರ ಸಲ್ಲದೆಂದು 2009ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 166ನೇ ಕಲಮಿನಡಿ ಪರಿಹಾರಕ್ಕೆ ಅವಕಾಶವಿದೆಯೇ ಎಂಬುದನ್ನು ಪರಿಶೀಲಿಸಲು ಪ್ರಕರಣವನ್ನು ಹೈಕೋರ್ಟ್‌ಗೆ ಮರಳಿಸಿತು.

ಸ್ವಂತ ವಾಹನದ ಸವಾರನಿಗೆ ಉಳಿಯುವುದು ವೈಯಕ್ತಿಕ ಅಪಘಾತ ವಿಮೆ ಮಾತ್ರ. ಅದರ ಮೊತ್ತ 15 ಲಕ್ಷ ರೂಪಾಯಿ. ಆದರೆ ಅದು ಸಲ್ಲುವುದು ಚಾಲನಾ ಪರವಾನಗಿಯುಳ್ಳ ಮಾಲೀಕ-ಚಾಲಕನಿಗಷ್ಟೆ. ಅಣ್ಣನ ಬೈಕ್ ಓಡಿಸಿದ ತಮ್ಮನಿಗೆ ಆ ರಕ್ಷಣೆ ದೊರೆಯುವುದಿಲ್ಲ.

ಹಿಂಬದಿ ಸವಾರರ ಸ್ಥಿತಿ ಇನ್ನೂ ವಿಚಿತ್ರ. ಗಂಡನ ಬೈಕಿನಲ್ಲಿ ಕುಳಿತಿದ್ದ ಹೆಂಡತಿ ಗಾಯಗೊಂಡರೆ, ಪೂರ್ಣ ಪರಿಹಾರಕ್ಕಾಗಿ ಆಕೆ ಗಂಡನ ನಿರ್ಲಕ್ಷ್ಯವನ್ನೇ ಸಾಬೀತುಪಡಿಸಬೇಕು. ಬೈಕಿಗೆ ಕನಿಷ್ಠ ವಿಮೆ ಮಾತ್ರ ಇದ್ದರೆ ಅದೂ ಅನುಮಾನ. ಇಂತಹ ಅಪಘಾತಗಳಲ್ಲಿ ಪೊಲೀಸರು ಸಾಮಾನ್ಯವಾಗಿ ಸವಾರನ ಮೇಲೆಯೇ ಅಜಾಗರೂಕ ಚಾಲನೆಯ ಪ್ರಕರಣ ದಾಖಲಿಸುತ್ತಾರೆ. ದನದ ಒಡೆಯನ ಹೆಸರು ಪ್ರಥಮ ವರ್ತಮಾನ ವರದಿಯಲ್ಲಿ ಕಾಣಿಸುವುದು ವಿರಳ. ತದ್ವಿರುದ್ಧವಾಗಿ, ಚಾಲಕನ ನಿರ್ಲಕ್ಷ್ಯದಿಂದ ದನ ಸತ್ತಿತೆಂದಾದರೆ ಅದರ ಒಡೆಯ ಆಸ್ತಿ ನಷ್ಟದ ಹೆಸರಿನಲ್ಲಿ ಅದೇ ನ್ಯಾಯಮಂಡಳಿಯಲ್ಲಿ ಪರಿಹಾರ ಕೇಳಬಹುದು. ದನದ ನಷ್ಟಕ್ಕೆ ತೆರೆದಿರುವ ಬಾಗಿಲು ಸವಾರನ ಸಾವಿಗೆ ಮುಚ್ಚಿದೆ.

ಸರ್ಕಾರದ ಪಾಲು

ಹಾಗಾದರೆ ರಸ್ತೆಯ ಒಡೆತನ ಹೊಂದಿರುವವರ ಹೊಣೆ ಏನು? 2025ರ ನವೆಂಬರ್ 7ರಂದು ಬೀದಿನಾಯಿಗಳ ಸ್ವಯಂಪ್ರೇರಿತ ಪ್ರಕರಣದಲ್ಲಿ ಆದೇಶ ನೀಡಿದ ಸುಪ್ರೀಂ ಕೋರ್ಟ್, ರಾಷ್ಟ್ರೀಯ ಹಾಗೂ ರಾಜ್ಯ ಹೆದ್ದಾರಿಗಳಿಂದ ಬಿಡಾಡಿ ದನಗಳನ್ನು ತೆರವುಗೊಳಿಸಿ ಆಶ್ರಯತಾಣಗಳಿಗೆ ಸಾಗಿಸುವಂತೆ ಸೂಚಿಸಿತು. ಗಸ್ತು ತಂಡ ಮತ್ತು ಸಹಾಯವಾಣಿಗಳನ್ನು ರಚಿಸುವಂತೆಯೂ ಹೇಳಿತು. ಆದರೆ ತೆರವು ಬೇರೆ, ಪರಿಹಾರ ಬೇರೆ. ತೆರವಾಗದೆ ಉಳಿದ ದನಕ್ಕೆ ಡಿಕ್ಕಿಯಾಗಿ ಸತ್ತವನ ಕುಟುಂಬಕ್ಕೆ ಹಣ ಯಾರು ಕೊಡಬೇಕೆಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಈ ಪ್ರಶ್ನೆಗೆ ನೇರ ಉತ್ತರ ನೀಡಿದ್ದು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್. 2023ರ ನವೆಂಬರ್‌ನಲ್ಲಿ 193 ಅರ್ಜಿಗಳನ್ನು ಒಟ್ಟಿಗೆ ಇತ್ಯರ್ಥಪಡಿಸಿದ ಅದು, ಬೀದಿ ಪ್ರಾಣಿಗಳಿಂದಾಗುವ ಅಪಘಾತಗಳಿಗೆ ಸರ್ಕಾರವೇ ಪ್ರಾಥಮಿಕ ಹೊಣೆಗಾರ ಎಂದು ತೀರ್ಪಿತ್ತಿತು. ಜಿಲ್ಲಾಧಿಕಾರಿಗಳ ನೇತೃತ್ವದ ಸಮಿತಿ 4 ತಿಂಗಳೊಳಗೆ ಪರಿಹಾರ ನಿರ್ಧರಿಸಬೇಕು. ಆ ಹಣವನ್ನು ತಪ್ಪಿತಸ್ಥ ಸಂಸ್ಥೆ ಅಥವಾ ವ್ಯಕ್ತಿಯಿಂದ ವಸೂಲು ಮಾಡುವ ಹಕ್ಕು ಸರ್ಕಾರಕ್ಕಿದೆ ಎಂದಿತು. ಈ ತೀರ್ಪು ಕರ್ನಾಟಕವನ್ನು ಬಂಧಿಸುವುದಿಲ್ಲವಾದರೂ ಅದರ ತರ್ಕ ಅನುಕರಣೀಯ. ಒಡೆಯನನ್ನು ಹುಡುಕುವ ಶಕ್ತಿ ಇರುವುದು ಆಡಳಿತಕ್ಕೇ ಹೊರತು ಶವ ಎದುರಿಗಿಟ್ಟುಕೊಂಡ ಕುಟುಂಬಕ್ಕಲ್ಲ.

ಹುಡುಕುವ ಸಾಧನವೂ ಇದೆ. ಲಸಿಕಾ ಕಾರ್ಯಕ್ರಮಕ್ಕಾಗಿ ಜಾನುವಾರುಗಳ ಕಿವಿಗೆ 12 ಅಂಕಿಗಳ ಓಲೆ ಹಾಕಲಾಗುತ್ತಿದೆ, ಒಡೆಯನ ವಿವರ ಅದಕ್ಕೆ ಜೋಡಣೆಯಾಗುತ್ತದೆ. ಅಪಘಾತ ಸ್ಥಳದ ಮಹಜರಿನಲ್ಲಿ ಆ ಸಂಖ್ಯೆಯನ್ನು ದಾಖಲಿಸುವುದನ್ನು ಕಡ್ಡಾಯ ಮಾಡಿದರೆ ಹೊಣೆಗಾರಿಕೆಗೆ ಒಂದು ಆಧಾರ ಸಿಗುತ್ತದೆ.

ದಂಡವೊಂದೇ ಸಾಲದು

ಆದರೆ ದನ ಬೀದಿಗೆ ಬರುವುದೇಕೆ ಎಂಬುದನ್ನು ಮರೆಯುವಂತಿಲ್ಲ. 2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ 50.21 ಲಕ್ಷ ಬಿಡಾಡಿ ದನಗಳಿದ್ದವು. ನಗರಗಳಲ್ಲಿ ಮೇವಿನ ಖರ್ಚು ಉಳಿಸಲು ಕರೆಯುವ ಹಸುಗಳನ್ನೇ ಹಗಲೆಲ್ಲ ಬೀದಿಗೆ ಬಿಡುವವರಿದ್ದಾರೆ. ಹಳ್ಳಿಗಳಲ್ಲಿ ಮುದಿ ಹಸು, ಗಂಡುಕರುಗಳನ್ನು ಸಾಕಲಾರದೆ ಬಿಡುವವರಿದ್ದಾರೆ. 2021ರಲ್ಲಿ ಜಾರಿಗೆ ಬಂದ ರಾಜ್ಯದ ಜಾನುವಾರು ಸಂರಕ್ಷಣಾ ಕಾಯ್ದೆ, 13 ವರ್ಷ ಮೀರಿದ ಎಮ್ಮೆ-ಕೋಣಗಳ ಹೊರತು ಉಳಿದವುಗಳ ವಧೆಯನ್ನು ನಿಷೇಧಿಸಿತು. ಕಾಯ್ದೆಯ ಪರ-ವಿರೋಧ ವಾದಗಳೇನೇ ಇರಲಿ, ಮಾರಲಾಗದ ದನದ ಮೇವಿನ ಭಾರ ರೈತನೊಬ್ಬನ ಮೇಲೆಯೇ ಬಿದ್ದರೆ ಅದು ಕೊನೆಗೆ ಬಂದು ನಿಲ್ಲುವುದು ರಸ್ತೆಯಲ್ಲಿಯೇ. ಗೋಶಾಲೆಗಳ ಹಸುಗಳನ್ನು ವರ್ಷಕ್ಕೆ 11,000 ರೂಪಾಯಿಗೆ ದತ್ತು ಪಡೆಯುವ ಯೋಜನೆಯನ್ನು 2022ರಲ್ಲಿ ಆರಂಭಿಸಿದ ಸರ್ಕಾರವೇ, ಒಂದು ದನದ ಪಾಲನೆಗೆ ತಗಲುವ ವೆಚ್ಚವನ್ನು ಪರೋಕ್ಷವಾಗಿ ಒಪ್ಪಿಕೊಂಡಂತಾಗಿತ್ತು.

ಕೇವಲ ದಂಡದ ದಾರಿ ಹಿಡಿದರೆ ಆಗುವುದೇನು ಎಂಬುದಕ್ಕೆ ಗುಜರಾತ್ ಸಾಕ್ಷಿ. ನಗರಗಳಲ್ಲಿ ದನ ಸಾಕಲು ಪರವಾನಗಿ ಕಡ್ಡಾಯಗೊಳಿಸುವ ಮಸೂದೆಯನ್ನು 2022ರ ಮಾರ್ಚ್‌ನಲ್ಲಿ ಅಂಗೀಕರಿಸಿದ ಅಲ್ಲಿನ ವಿಧಾನಸಭೆ, ಪಶುಪಾಲಕ ಸಮುದಾಯದ ಪ್ರತಿಭಟನೆಯ ಬಳಿಕ ಸೆಪ್ಟೆಂಬರ್‌ನಲ್ಲಿ ಅದನ್ನು ಹಿಂಪಡೆಯಿತು.

ಆದ್ದರಿಂದ ಕ್ರಮ ಹೀಗಿರಬೇಕು: ಮೊದಲು ಸಂತ್ರಸ್ತ ಕುಟುಂಬಕ್ಕೆ ಸರ್ಕಾರದಿಂದ ನಿಗದಿತ ಪರಿಹಾರ, ಬಳಿಕ ಓಲೆಯ ಸಂಖ್ಯೆಯ ನೆರವಿನಿಂದ ಒಡೆಯನಿಂದ ವಸೂಲಿ, ಸಾಕಲಾರದವರ ದನಗಳಿಗೆ ಗೋಶಾಲೆಯಲ್ಲಿ ಜಾಗ. ಪ್ರತಿ ಸಾವಿಗೂ ತಾನೇ ಹಣ ಕಟ್ಟಬೇಕಾದಾಗ ಮಾತ್ರ ಆಡಳಿತಕ್ಕೆ ರಸ್ತೆಯ ಮೇಲಿನ ದನ ಕಾಣಿಸತೊಡಗುತ್ತದೆ. ಅಲ್ಲಿಯವರೆಗೆ ಅದು ಸವಾರನಿಗೆ ಮಾತ್ರ, ಅದೂ ಕೊನೆಯ ಕ್ಷಣದಲ್ಲಿ, ಕಾಣಿಸುತ್ತಿರುತ್ತದೆ.