ಕ್ವಾಲಿಸ್ ಗುಜರಿ ಸಾಮಾನಲ್ಲ

‘ಕ್ವಾಲಿಸ್‌ನ ಕ್ಲಾಸಿಕ್ ಅಂತೀಯಲ್ಲ, ತಲೆ ನೆಟ್ಟಗಿದೆಯಾ?’ ಅಂತಾರೆ ಹಳೇ ಕಾರುಗಳ ಹುಚ್ಚಿರುವ ನನ್ನ ಗೆಳೆಯರು. ಬೀದಿಗೆ ನಾಲ್ಕು ಇದ್ದ ಗಾಡಿ, ಹಳದಿ ಬೋರ್ಡು ಹಾಕ್ಕೊಂಡು ಕಾಲ್ ಸೆಂಟರ್ ಹುಡುಗರನ್ನ ಹೊತ್ತಿದ್ದು, ಅದಕ್ಕೆಂಥಾ ಕ್ಲಾಸಿಕ್ ಪಟ್ಟ? ಅವರ ಪ್ರಕಾರ ಕ್ಲಾಸಿಕ್ ಅನ್ನಿಸಿಕೊಳ್ಳೋಕೆ ಮಹಾರಾಜರು ಕೂತಿರಬೇಕು, ಇಲ್ಲಾಂದ್ರೆ ಉದ್ದ ಬಾನೆಟ್ಟು, ಫಳಫಳ ಕ್ರೋಮ್ ಆದ್ರೂ ಇರಬೇಕು.

ಹಾಗಿದ್ದರೆ ಅಂಬಾಸಿಡರ್ ಏನಾಗಿತ್ತು ಸ್ವಾಮಿ? ಟ್ಯಾಕ್ಸಿ. ತಹಶೀಲ್ದಾರರ ಕಾರು. ಪ್ರೀಮಿಯರ್ ಪದ್ಮಿನಿ? ಅದೂ ಟ್ಯಾಕ್ಸಿಯೇ. 2023ರ ಅಕ್ಟೋಬರಿನಲ್ಲಿ ಮುಂಬೈನ ಕೊನೆಯ ಕಾಲಿ-ಪೀಲಿ ಪದ್ಮಿನಿ ರಸ್ತೆಯಿಂದ ಇಳಿದಾಗ ಪತ್ರಿಕೆಗಳು ಪುಟಗಟ್ಟಲೆ ವಿದಾಯ ಬರೆದವು. ಅದರ ಹಿಂದಿನ ಸೀಟಲ್ಲಿ ಬೆವರು ಒರೆಸಿಕೊಂಡು ಕೂತಿದ್ದಾಗ ಮಾತ್ರ ಯಾರ ಕಣ್ಣಿಗೂ ಅದು ಕ್ಲಾಸಿಕ್ ಆಗಿ ಕಂಡಿರಲಿಲ್ಲ.

ಕ್ವಾಲಿಸ್ ನಮ್ಮ ಬಿಡದಿಯಲ್ಲಿ ಹುಟ್ಟಿದ ಗಾಡಿ. 2000ದ ಜನವರಿಯಲ್ಲಿ ಮಾರುಕಟ್ಟೆಗೆ ಬಂತು, ಟೊಯೊಟಾ ಕಿರ್ಲೋಸ್ಕರ್ ಕಂಪನಿಯ ಮೊದಲ ಮಾಡೆಲ್. ಇಂಡೋನೇಷ್ಯಾದಲ್ಲಿ ಕಿಜಾಂಗ್ ಅನ್ನೋ ಹೆಸರಲ್ಲಿ ಓಡುತ್ತಿದ್ದ ಹಳೇ ಗಾಡಿಯನ್ನೇ ಇಲ್ಲಿಗೆ ತಂದಿದ್ದಾರೆ ಅಂತ ಆಗಲೂ ಮೂಗು ಮುರಿದವರಿದ್ದರು. (ಕಿಜಾಂಗ್ ಅಂದ್ರೆ ಜಿಂಕೆ ಜಾತಿಯ ಪ್ರಾಣಿ. ಗಾಡಿ ನೋಡಿದರೆ ಎಮ್ಮೆಯೇ ನೆನಪಾಗೋದು, ಆ ಮಾತು ಬೇರೆ.) 2.4 ಲೀಟರ್ ಡೀಸೆಲ್ ಎಂಜಿನ್, ವೇಗ ಅಷ್ಟಕ್ಕಷ್ಟೇ, ಆದರೆ ಕೈಕೊಡೋದು ಅಪರೂಪ. 2005ರಲ್ಲಿ ಇನೋವಾ ಬಂದು ಅದರ ಜಾಗ ಹಿಡಿಯಿತು. ಬರೀ ಐದು ವರ್ಷ! ಆ ಐದೇ ವರ್ಷದಲ್ಲಿ ಬೆಂಗಳೂರು ರಾತ್ರಿಪಾಳಿಯ ಊರಾಯಿತು, ಆ ಪಾಳಿಯ ಹುಡುಗ ಹುಡುಗಿಯರನ್ನ ಮನೆ ಬಾಗಿಲಿಂದ ಆಫೀಸಿಗೆ ಹೊತ್ತದ್ದು ಕ್ವಾಲಿಸ್ ಮತ್ತು ಸುಮೋ. ಹಗಲು ಹೊತ್ತು ಧರ್ಮಸ್ಥಳ, ಹೆಣ್ಣು ನೋಡೋ ಶಾಸ್ತ್ರ, ಮದುವೆ ದಿಬ್ಬಣ. ಹತ್ತು ಸೀಟಿಗೆ ಹದಿನಾಲ್ಕು ಜನ. ಈ ಊರು ಹೇಗೆ ಬದಲಾಯಿತು ಅಂತ ಮೊಮ್ಮಕ್ಕಳಿಗೆ ತೋರಿಸೋಕೆ ಅರಮನೆಯ ರೋಲ್ಸ್ ರಾಯ್ಸ್ ಸಾಕಾಗುತ್ತಾ?

ಗೆಳೆಯರ ಕೊಂಕು ಬಿಡಿ, ಸಹಿಸ್ಕೋಬಹುದು. ನನಗೆ ಸಿಟ್ಟು ಇರೋದು ಕಾನೂನಿನ ಮೇಲೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ನಿಯಮ ತಂದಿತು. 50 ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು. 20,000 ರೂಪಾಯಿ ಕಟ್ಟಿದರೆ ‘ವಿಎ’ ಅಕ್ಷರದ ನಂಬರು, ಹತ್ತು ವರ್ಷದ ನೋಂದಣಿ. ಒಳ್ಳೆಯದೇ. ಆದರೆ ಮೊದಲ ವರ್ಷದ ಕ್ವಾಲಿಸ್‌ಗೆ 50 ತುಂಬೋದು 2050ಕ್ಕೆ. ಅಲ್ಲೀತನಕ? 15 ವರ್ಷ ಆದಮೇಲೆ ಐದೈದು ವರ್ಷಕ್ಕೆ ಆರ್‌ಟಿಓ ಮೆಟ್ಟಿಲು ಹತ್ತಬೇಕು, ಎಫ್‌ಸಿ ಮಾಡಿಸಬೇಕು, ಹಸಿರು ತೆರಿಗೆ ಕಟ್ಟಬೇಕು. 600 ರೂಪಾಯಿ ಇದ್ದ ಕಾರಿನ ಆರ್‌ಸಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ ಒಂದೇ ಏಟಿಗೆ 5,000 ಆಯಿತು. ಅಂದರೆ 15ರಿಂದ 50ರವರೆಗೆ, ಮೂವತ್ತೈದು ವರ್ಷ, ಈ ಗಾಡಿ ಕಾನೂನಿನ ಕಣ್ಣಲ್ಲಿ ಗುಜರಿಗೆ ಹೋಗಲು ಸಾಲಿನಲ್ಲಿ ನಿಂತಿರೋ ಕಬ್ಬಿಣ. ಹಣವಂತ ತನ್ನ ಬೆಂಜ್‌ನ ಶೆಡ್ಡಲ್ಲಿಟ್ಟು ಕಾಯ್ತಾನೆ. ಕ್ವಾಲಿಸ್ ಇರೋದು ಡ್ರೈವರ್‌ಗಳ ಹತ್ತಿರ, ಹಳ್ಳಿ ಮನೆಗಳ ಹತ್ತಿರ. ಅವರು ಯಾಕೆ ಕಾಯ್ತಾರೆ?

ಜರ್ಮನಿಯಲ್ಲಿ 30 ವರ್ಷ ತುಂಬಿದ, ಮೂಲ ರೂಪ ಉಳಿಸಿಕೊಂಡ ಗಾಡಿಗೆ ‘ಎಚ್’ ಅಕ್ಷರದ ನಂಬರ್ ಪ್ಲೇಟ್ ಸಿಗುತ್ತೆ. ಅದು ಪೋರ್ಷೆಯೋ, ಹಾಲು ಹೊತ್ತ ವ್ಯಾನೋ ಅಂತ ಯಾರೂ ಕೇಳಲ್ಲ. ಹಳೇ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫೀವಾ ಇಟ್ಟುಕೊಂಡಿರೋ ವಯಸ್ಸೂ 30.

ಹೊಗೆ ಉಗುಳುತ್ತಲ್ಲ ಅಂತೀರಿ. ಉಗುಳುತ್ತೆ, ಒಪ್ಪಿದೆ. ದಿನಾ ಓಡಿಸೋಕೆ ಬಿಡಿ ಅಂತ ನಾನು ಕೇಳ್ತಿಲ್ಲ. ವಿಂಟೇಜ್ ಗಾಡಿಗಳಿಗೆ ಪ್ರದರ್ಶನ, ರ್‍ಯಾಲಿ, ರಿಪೇರಿಗೆ ಮಾತ್ರ ರಸ್ತೆಗಿಳಿಯಿರಿ ಅಂತ ಹೇಳಿದೆಯಲ್ಲ, ಅದೇ ಕಟ್ಟುಪಾಡು ಇದಕ್ಕೂ ಹಾಕಿ, ವಯಸ್ಸನ್ನ ಮಾತ್ರ 30ಕ್ಕೆ ಇಳಿಸಿ. ಬಾಡಿಗೆಗೆ ಓಡಿಸಿದರೆ ನಂಬರು ಕಿತ್ಕೊಳ್ಳಿ.

ಅಷ್ಟರೊಳಗೆ ನಿಮ್ಮೂರಲ್ಲಿ ಯಾರ ಮನೆ ಹಿಂದಾದರೂ ಕಂಪನಿ ಸೀಟು, ಕಂಪನಿ ಬಣ್ಣ ಬದಲಾಗದ ಕ್ವಾಲಿಸ್ ನಿಂತಿದ್ದರೆ, ಗುಜರಿಯವನು ತೂಕದ ಲೆಕ್ಕ ಹಾಕೋ ಮುಂಚೆ ಯಜಮಾನರನ್ನ ಹೋಗಿ ಮಾತಾಡಿಸಿ. ಮೊದಲು ಆರ್‌ಸಿ ಜೀವಂತ ಇದೆಯಾ ಅಂತ ಕೇಳಿ.