ಚಳಿಗಾಲದ ಮುಂಜಾನೆ ಎಂಜಿನ್ ಆರಿಸಿ

ಸುತ್ತ ಕಾಡು, ಪಕ್ಕದಲ್ಲಿ ಕಾಳಿ ನದಿ. ದಾಂಡೇಲಿ, ಅಂಬೇವಾಡಿಯವರಿಗೆ ವಾಹನದ ಹೊಗೆಯ ಚಿಂತೆ ಏಕೆ, ಅದು ದೊಡ್ಡ ನಗರದವರ ತೊಂದರೆಯಲ್ಲವೇ ಎಂದು ನೀವು ಕೇಳಬಹುದು. 2019ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಬೆಂಗಳೂರು, ದಾವಣಗೆರೆ, ಕಲಬುರಗಿಯ ಜೊತೆ ನಮಗೆ ಹತ್ತಿರದ ಹುಬ್ಬಳ್ಳಿ-ಧಾರವಾಡವೂ ಇದೆ, ನಿಜ. ಆದರೆ ಹೊಗೆಯ ಹಾನಿಯನ್ನು ವಾಹನಗಳ ಸಂಖ್ಯೆಯೊಂದೇ ನಿರ್ಧರಿಸುವುದಿಲ್ಲ. ಆ ದಿನದ ಹವಾಮಾನ ಮತ್ತು ಟ್ಯಾಂಕಿನಲ್ಲಿರುವ ಇಂಧನವೂ ನಿರ್ಧರಿಸುತ್ತವೆ.

ಹಗಲಲ್ಲಿ ನೆಲದ ಬಳಿಯ ಗಾಳಿ ಬಿಸಿಯಾಗಿ ಮೇಲೇರುತ್ತದೆ, ಹೊಗೆಯನ್ನೂ ಜೊತೆಗೆ ಒಯ್ಯುತ್ತದೆ. ಡಿಸೆಂಬರ್, ಜನವರಿಯ ಗಾಳಿಯಿಲ್ಲದ ರಾತ್ರಿಗಳಲ್ಲಿ ಇದು ತಿರುವುಮುರುವಾಗುತ್ತದೆ. ನೆಲ ಬೇಗ ತಣ್ಣಗಾಗಿ ಕೆಳಗೆ ತಂಪು ಗಾಳಿ, ಮೇಲೆ ಬೆಚ್ಚನೆಯ ಗಾಳಿ ನಿಲ್ಲುತ್ತದೆ. ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ. ಗುಡ್ಡಗಳ ನಡುವಿನ ತಗ್ಗಿನಲ್ಲಿ ಬಿಸಿಲೇರುವವರೆಗೂ ಆ ಮುಚ್ಚಳ ತೆರೆಯುವುದಿಲ್ಲ. ಮಳೆಗಾಲದಲ್ಲಿ ತೊಳೆದುಹೋಗುವ ಹೊಗೆಯ ಕಣಗಳು ಈಗ ನಮ್ಮ ಮೂಗಿನ ಮಟ್ಟದಲ್ಲೇ ಉಳಿಯುತ್ತವೆ.

ಇದೇ ಹೊತ್ತಿನಲ್ಲಿ ಎಂಜಿನ್ ಕೂಡ ಹೆಚ್ಚು ಹೊಗೆ ಉಗುಳುತ್ತದೆ. ತಣ್ಣಗಿರುವ ಎಂಜಿನ್‌ನಲ್ಲಿ ಪೆಟ್ರೋಲ್ ಪೂರ್ತಿ ಉರಿಯುವುದಿಲ್ಲ. ಸೈಲೆನ್ಸರ್ ಭಾಗದಲ್ಲಿ ಹೊಗೆ ಶುದ್ಧಗೊಳಿಸುವ ಸಾಧನವೂ ಚೆನ್ನಾಗಿ ಕಾದ ಮೇಲೆಯೇ ಕೆಲಸ ಮಾಡುತ್ತದೆ. ಫಜ್ರ್ ನಮಾಜಿಗೆ ನಡೆದು ಹೋಗುವ ಹಿರಿಯರು, ಶಾಲೆಯ ವಾಹನಕ್ಕೆ ಕಾಯುವ ಮಕ್ಕಳು ಹೊರಗಿರುವುದು ಅದೇ ಸಮಯದಲ್ಲಿ. ಆಸ್ತಮಾ ಇರುವವರಿಗೆ ಚಳಿಯ ಜೊತೆ ಈ ಹೊಗೆಯೂ ಸೇರಿದರೆ ಉಸಿರಾಟ ಕಷ್ಟ.

ಇನ್ನು ಇಂಧನ. ಸೀಸ ಬೆರೆತ ಪೆಟ್ರೋಲ್ ನಮ್ಮ ದೇಶದಲ್ಲಿ 2000ದಲ್ಲಿ ನಿಂತಿತು. 2020ರ ಏಪ್ರಿಲ್ 1ರಿಂದ ದೇಶದೆಲ್ಲೆಡೆ ಬಿಎಸ್-6 ಇಂಧನ ಬಂತು. ಹತ್ತು ಲಕ್ಷ ಭಾಗದಲ್ಲಿ 50 ಭಾಗದಷ್ಟಿದ್ದ ಗಂಧಕದ ಮಿತಿ 10ಕ್ಕೆ ಇಳಿಯಿತು. ಗಂಧಕ ಕಡಿಮೆಯಾದಷ್ಟೂ ಹಳೆಯ ಲಾರಿಯ ಹೊಗೆಯಲ್ಲೂ ಸೂಕ್ಷ್ಮ ಕಣ ಕಡಿಮೆ. ಆದರೆ ನಾಲ್ಕು ಕಾಸು ಉಳಿಸಲು ಸೀಮೆಎಣ್ಣೆ ಬೆರೆಸಿದರೆ ಈ ಲಾಭವೆಲ್ಲ ಹೋಯಿತು. ಉರಿಯದ ಇಂಧನ ಹೊಗೆಯಾಗಿ ಹೊರಬರುತ್ತದೆ, ಎಂಜಿನ್ನೂ ಹಾಳಾಗುತ್ತದೆ. ಒಳ್ಳೆಯ ಇಂಧನ ಹಾಕಿಯೂ ಕಪ್ಪು ಹೊಗೆ ಬಂದರೆ ಏರ್ ಫಿಲ್ಟರ್, ಇಂಜೆಕ್ಟರ್ ತೋರಿಸಿ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ ಎಂದು ತಿಳಿಯಿರಿ.

ಹವಾಮಾನ ನಮ್ಮ ಕೈಯಲ್ಲಿಲ್ಲ. ಆದ್ದರಿಂದಲೇ ಕೈಯಲ್ಲಿರುವುದನ್ನು ಚಳಿಗಾಲದಲ್ಲಿ ಇನ್ನಷ್ಟು ಬಿಗಿಯಾಗಿ ಹಿಡಿಯಬೇಕು. ಹೊಗೆ ತಪಾಸಣೆಯನ್ನು ಪೊಲೀಸರಿಗೆ ತೋರಿಸುವ ಚೀಟಿ ಎಂದುಕೊಂಡವರೇ ನಮ್ಮಲ್ಲಿ ಹೆಚ್ಚು. ವಾಹನ ನಿಲ್ಲಿಸದೆ ಚೀಟಿ ಮಾತ್ರ ಪಡೆದರೆ ಮೋಸ ಹೋಗುವುದು ನಮ್ಮದೇ ಮಕ್ಕಳ ಶ್ವಾಸಕೋಶ. ಚಳಿ ಶುರುವಾಗುವ ಮೊದಲೇ ಸರ್ವಿಸ್ ಮಾಡಿಸಿ, ತಪಾಸಣೆ ಮಾಡಿಸಿ. ಬೆಳಿಗ್ಗೆ ಬೈಕನ್ನು ಅಂಗಳದಲ್ಲಿ ಐದು ನಿಮಿಷ ಗುಡುಗಿಸಬೇಡಿ. ಸ್ಟಾರ್ಟ್ ಮಾಡಿ ನಿಧಾನವಾಗಿ ಹೊರಟರೆ ಎಂಜಿನ್ ತಾನೇ ಕಾಯುತ್ತದೆ. ಶಾಲೆಯ ಗೇಟಿನೆದುರು, ಮಸೀದಿಯ ಮುಂದೆ ಕಾಯುವಾಗ ಎಂಜಿನ್ ಆರಿಸಿ. ಹತ್ತಿರದ ಅಂಗಡಿಗೆ ನಡೆದೇ ಹೋಗಿ.

ಮಸೀದಿ ಮತ್ತು ಶಾಲಾ ಸಮಿತಿಗಳು ಗೇಟಿಗೆ ‘ಎಂಜಿನ್ ಆರಿಸಿ’ ಎಂಬ ಒಂದು ಫಲಕ ಹಾಕಿದರೂ ಸಾಕು. ಅದಕ್ಕೆ ಸರ್ಕಾರದ ಆದೇಶ ಬೇಕಿಲ್ಲ.